ಕ್ಲಾರಾ ನೀರು ಕುಡಿದ ಜಗಲಿ

ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಮಾದಪ್ಪನ ಪಟಕ್ಕೂ ಅಪ್ಪಾಜಿ ಹಾರ ಹಾಕಿಸಿಕೊಂಡು ನಿವೃತ್ತರಾದ ದಿನದ ಫೋಟೋಗೂ ನಡುವೆ ಇನ್ನೊಂದು ಫೋಟೋ ತೂಗುತ್ತದೆ. ಅದರಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಮುಖಕ್ಕೆಲ್ಲ ಮಸಿ ಬಳಿದುಕೊಂಡು ಬೊಗಸೆ ಒಡ್ಡಿ ನಿಂತಿದ್ದಾಳೆ. ಹಣೆಯ ಮೇಲೆ ಬೆವರಿಗೆ ಮಸಿ ಕರಗಿದ ಕಡೆ ಬೆಳಗಿನ ಪೂಜೆಯ ವಿಭೂತಿಯ ಗೆರೆ ಒಂದಿಷ್ಟು ಇಣುಕಿದೆ. ಆ ಹುಡುಗಿ ನಾನು. ಮನೆಗೆ ಬಂದವರಿಗೆಲ್ಲ ಅಪ್ಪಾಜಿ ಅದನ್ನು ತೋರಿಸಿ, ಅಮೆರಿಕದ ಕಪ್ಪು ಜನರ ಹೋರಾಟದ ನಾಟಕ, ಯಳಂದೂರಿನಲ್ಲಿ ಫಸ್ಟ್ ಪ್ರೈಜು ಅನ್ನುತ್ತಾರೆ. ನಾನು ಮೈಸೂರಿನಿಂದ ಬಂದಾಗಲೆಲ್ಲ ಮೊದಲು ಮಾಡುವ ಕೆಲಸ ಆ ಫೋಟೋವನ್ನು ಗೋಡೆ ಕಡೆ ತಿರುಗಿಸುವುದು. ನಾನು ಬಸ್ಸು ಹತ್ತಿದ ಮೇಲೆ ಅವ್ವ ಅದನ್ನು ಮತ್ತೆ ಈ ಕಡೆ ತಿರುಗಿಸುತ್ತಾಳೆ. ಎಷ್ಟೋ ವರ್ಷದಿಂದ ಹೀಗೇ ನಡೆದಿದೆ. ಹೇಸಿಗೆಯನ್ನು ಹೀಗೆ ಕನ್ನಡಿ ಹಾಕಿಸಿ, ಧೂಳು ಒರೆಸಿ, ಹಬ್ಬಕ್ಕೊಂದು ಹೂವು ಸಿಕ್ಕಿಸಿ ಇಟ್ಟುಕೊಂಡಿರುವ ಮನೆ ಇನ್ನೊಂದು ಇದ್ದರೆ ನನಗೆ ಗೊತ್ತಿಲ್ಲ.

ಕೊಳ್ಳೇಗಾಲದಲ್ಲಿ ಹನೂರಿನ ಬಸ್ಸು ಹತ್ತಿ, ಕಾಮಗೆರೆ ದಾಟಿದ ಮೇಲೆ ಇಳಿದು ಸ್ವಲ್ಪ ನಡೆದರೆ ನಮ್ಮೂರು. ನಮ್ಮದು ಮನೆಗಿಂತ ಜಗಲಿ ದೊಡ್ಡದೆನ್ನಿಸುವಂಥ ಮನೆ. ಕೆಂಪು ಗಾರೆಯ ನುಣ್ಣನೆ ಜಗಲಿ, ಅದರ ಕೆಳಗೆ ಉದ್ದಕ್ಕೂ ಹಾಸಿದ ಒಂದು ಮೆಟ್ಟಿಲು ಕಲ್ಲು, ಕಲ್ಲಿನ ಕೆಳಗೆ ಸಗಣಿ ಸಾರಿಸಿದ ಅಂಗಳ. ನೆಂಟರು, ನಮ್ಮ ಬೀದಿಯವರು, ರೇಷ್ಮೆಗೂಡಿನ ವ್ಯಾಪಾರದವರು ಬಂದರೆ ಮೇಲೆ ಕೂರುತ್ತಿದ್ದರು. ಮಡಕೆ ತರುವವರು, ಕ್ಷೌರದವರು ಮೆಟ್ಟಿಲು ಕಲ್ಲಿನ ಮೇಲೆ. ಕೆರೆ ಕೆಳಗಿನ ಬೀದಿಯಿಂದ ನಮ್ಮ ಹಿಪ್ಪುನೇರಳೆ ತೋಟದ ಕೆಲಸಕ್ಕೆ ಬರುವವರು ಅಂಗಳದಲ್ಲಿ ಕುಕ್ಕರಗಾಲಲ್ಲಿ. ಯಾರೂ ಯಾರಿಗೂ ಇಲ್ಲಿ ಕೂರು, ಅಲ್ಲಿ ಕೂರಬೇಡ ಎಂದದ್ದನ್ನು ನಾನು ಕೇಳಿಲ್ಲ. ಬಂದವರ ಕಾಲಿಗೇ ಗೊತ್ತಿರುತ್ತಿತ್ತು. ಅಪ್ಪಾಜಿ ಇವತ್ತಿಗೂ ತಮ್ಮ ಪರವಾಗಿ ಮಂಡಿಸುವ ಮೊದಲ ಸಾಕ್ಷಿ ಇದೇ: ನಾನು ಯಾರಿಗೂ ಎಲ್ಲಿ ಕೂರಬೇಕು ಅಂತ ಹೇಳಿದವನಲ್ಲ. ಸರಿ, ಒಪ್ಪಿದೆ. ಹೇಳುವ ಅಗತ್ಯವೇ ಬೀಳದ ಮನೆಯಲ್ಲಿ ಹೇಳಲಿಲ್ಲ ಅನ್ನುವುದು ಎಂಥ ಸಾಕ್ಷಿ ಎಂದು ನಾನು ಕೇಳಿದರೆ ಅವರು ಪೇಪರು ಬಿಡಿಸುತ್ತಾರೆ.

ವಾದ ಮಾಡುವುದನ್ನು ನನಗೆ ಕಲಿಸಿದವರೂ ಅವರೇ. ಅಪ್ಪಾಜಿ ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಪೂಜೆ ಮುಗಿಯದೆ ತಿಂಡಿಯಿಲ್ಲ ಎಂಬುದು ಅಜ್ಜಿಯ ಕಟ್ಟಳೆ. ವಾದ ಮುಗಿಯದೆ ಎರಡನೇ ರೊಟ್ಟಿಯಿಲ್ಲ ಎಂಬುದು ಅಪ್ಪಾಜಿಯ ಭಾನುವಾರದ ಕಟ್ಟಳೆ. ಜಗಲಿಯ ಮೇಲೆ ನಾನೊಂದು ಕಡೆ, ದೊಡ್ಡಪ್ಪನ ಮಗ ಮಲ್ಲು ಇನ್ನೊಂದು ಕಡೆ. ಹಸು ಮೇಲೋ ಎಮ್ಮೆ ಮೇಲೋ, ಮುದ್ದೆಗೆ ಉಪ್ಸಾರೋ ಹುರುಳಿಸಾರೋ, ದೇವರಿಗೆ ಹಸಿವಾಗುತ್ತದೋ ಇಲ್ಲವೋ. ಮಾತು ಬಿಸಿಯೇರಿದಾಗ ಅಪ್ಪಾಜಿ ಚಪ್ಪಾಳೆ ತಟ್ಟುತ್ತಿದ್ದರು. ಆಗ ಇಬ್ಬರೂ ಪಕ್ಷ ಬದಲಿಸಿ, ಇಷ್ಟೊತ್ತು ಬೈದದ್ದನ್ನೇ ಹೊಗಳಬೇಕು. ಅಜ್ಜಿ ತೀರ್ಪುಗಾರಳು. ಯಾರ ಮಾತಿಗೆ ಅವಳು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸುತ್ತಾಳೋ ಅವರು ಗೆದ್ದ ಹಾಗೆ. ನಾನು ಹತ್ತಕ್ಕೆ ಎಂಟು ಸಲ ಅವಳ ದವಡೆ ನಿಲ್ಲಿಸುತ್ತಿದ್ದೆ. ಒಂದು ಮಾತನ್ನು ನಂಬದೆಯೇ ಬೆಣ್ಣೆಯ ಹಾಗೆ ಮಂಡಿಸುವುದು ಹೇಗೆಂದು ಹನ್ನೊಂದನೇ ವಯಸ್ಸಿಗೇ ನನಗೆ ತಿಳಿದಿತ್ತು. ಇದನ್ನು ಬುದ್ಧಿವಂತಿಕೆ ಎಂದು ಮನೆಯವರೆಲ್ಲ ಕರೆದರು. ನಾನೂ ಹಾಗೇ ಕರೆದೆ.

ಆ ವರ್ಷ ಬೇಸಿಗೆ ರಜೆಗೆ ಅಪ್ಪಾಜಿ ಎಲ್ಲಿಂದಲೋ ಒಂದು ಇಂಗ್ಲಿಷ್ ಕಾದಂಬರಿ ತಂದರು. ಅಮೆರಿಕದ ದಕ್ಷಿಣದ ಒಂದು ಸಣ್ಣ ಊರು. ಬಸ್ಸಿನಲ್ಲಿ, ಸ್ಕೂಲಿನಲ್ಲಿ, ನಲ್ಲಿಯಲ್ಲಿ ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ ಎಂದು ಬೋರ್ಡು ಹಾಕಿದ್ದ ಕಾಲ. ಕ್ಲಾರಾ ಎಂಬ ಕಪ್ಪು ಹುಡುಗಿ ತಾಯಿಯ ಜೊತೆ ಬಟ್ಟೆ ಅಂಗಡಿಗೆ ಹೋಗಿ, ಬಾಯಾರಿ, ಬಿಳಿಯರ ನಲ್ಲಿಗೆ ಬಾಯಿ ಒಡ್ಡುತ್ತಾಳೆ. ಅಲ್ಲಿಂದ ಶುರುವಾಗಿ, ಊರಿನ ಮಕ್ಕಳೆಲ್ಲ ಕೈಕೈ ಹಿಡಿದು ಬೀದಿಗಿಳಿಯುವವರೆಗೆ ಕಥೆ. ಇಸವಿ ಹೇಳಿದರೆ ಮಕ್ಕಳು ಮಲಗುತ್ತವೆ, ಕಥೆ ಹೇಳಿದರೆ ಎದ್ದು ಕೂರುತ್ತವೆ ಎಂಬುದು ಅಪ್ಪಾಜಿಯ ಸಿದ್ಧಾಂತ. ದಿನವೂ ಸಂಜೆ ಜಗಲಿಯ ಮೇಲೆ ಕೂತು, ಒಂದೊಂದು ಅಧ್ಯಾಯವನ್ನು ನಮ್ಮ ಮಾತಿನಲ್ಲಿ ಹೇಳತೊಡಗಿದರು. ಎರಡೂ ಬೀದಿಯ ಮಕ್ಕಳು ಬರಲಿ ಎಂದು ತಾವೇ ಹೋಗಿ ಕರೆದು ಬಂದರು. ಅದು ನಮ್ಮೂರಲ್ಲಿ ಸಣ್ಣ ಮಾತಲ್ಲ. ಅದನ್ನು ನಾನು ಅವರ ಲೆಕ್ಕದಿಂದ ಕಿತ್ತುಕೊಳ್ಳುವುದಿಲ್ಲ. ಮಕ್ಕಳು ಬಂದವು. ಅವುಗಳ ಕಾಲಿಗೂ ಗೊತ್ತಿತ್ತು. ನಾವು ಮೇಲೆ ಕೂತೆವು, ಕೆರೆ ಕೆಳಗಿನ ಬೀದಿಯವು ಅಂಗಳದಲ್ಲಿ ಕೂತವು. ಒಬ್ಬಳು ಮಾತ್ರ, ಕಥೆ ಸರಿಯಾಗಿ ಕೇಳಿಸಲಿ ಎಂದು, ಮೆಟ್ಟಿಲು ಕಲ್ಲಿಗೆ ಬೆನ್ನು ತಾಗುವಷ್ಟು ಹತ್ತಿರ ಬಂದು ನೆಲದ ಮೇಲೆ ಕೂರುತ್ತಿದ್ದಳು. ಅವಳು ಶೋಭಾ. ನಮ್ಮ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಮಾದಿಯ ಮಗಳು, ನನ್ನ ಕ್ಲಾಸಿನವಳು.

ನಲ್ಲಿಯ ಅಧ್ಯಾಯದ ದಿನ ಇಡೀ ಜಗಲಿ ಅತ್ತಿತು. ಅಂಗಡಿಯವನು ಕ್ಲಾರಾಳ ಜಡೆ ಹಿಡಿದು ಎಳೆಯುವಲ್ಲಿ ಅಪ್ಪಾಜಿ ಪುಸ್ತಕ ಮಗುಚಿ ತೊಡೆಯ ಮೇಲಿಟ್ಟರು. ಬಾಗಿಲಲ್ಲಿ ಕೂತಿದ್ದ ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

“ಅಯ್ಯೋ ಶಿವನೇ, ಎಳೇ ಕೂಸ್ಗೆ ಒಂದ್ ಗುಟುಕು ನೀರ್ ಕುಡಿಯಕ್ ಬುಡ್ನಿಲ್ವಲ್ಲ. ಅವರ್ ಕೈ ಸೇದೋಗ.”

ಅಷ್ಟರಲ್ಲಿ ತೋಟದಿಂದ ಮಾದಿ ಬಂದಳು. ಬಿಸಿಲಲ್ಲಿ ಸೊಪ್ಪು ಹೊತ್ತು ಬಂದವಳು ಅಂಗಳದಲ್ಲಿ ನಿಂತು, ಅವ್ವಾರೇ, ವಸಿ ನೀರು ಎಂದಳು. ಅಜ್ಜಿ ಎದ್ದು ಚೊಂಬು ತಂದಳು. ಮಾದಿ ಸೊಂಟ ಬಗ್ಗಿಸಿ ಬೊಗಸೆ ಒಡ್ಡಿದಳು. ಅಜ್ಜಿ ಜಗಲಿಯ ಅಂಚಿನಲ್ಲಿ ನಿಂತು, ಚೊಂಬು ಎಲ್ಲಿಯೂ ತಾಗದಂತೆ ಒಂದು ಮೊಳ ಮೇಲಿಂದ ಸಣ್ಣಗೆ ನೀರು ಹುಯ್ದಳು. ಮಾದಿ ಕುಡಿದು, ಕತ್ತು ಅಲ್ಲಾಡಿಸಿ ಸಾಕು ಎಂದಳು. ಅಜ್ಜಿ ಚೊಂಬು ಪಕ್ಕಕ್ಕಿಟ್ಟು ಬಂದು ಕೂತಳು.

“ಆಮ್ಯಾಕೆ? ಆ ಕೂಸು ಏನ್ ಮಾಡ್ತು, ಯೋಳಪ್ಪ.”

ಅಪ್ಪಾಜಿ ಹೇಳಿದರು. ನಾವು ಕೇಳಿದೆವು. ನನಗೆ ಆಗ ಏನೂ ಕಾಣಲಿಲ್ಲ. ಮುಂದಿನ ಅಧ್ಯಾಯ ಬೇಗ ಬರಲಿ ಎಂದಷ್ಟೇ ಇತ್ತು. ಇದನ್ನು ಬರೆಯುವಾಗ ಆಗಲೇ ನನಗೆ ಏನೋ ಕಸಿವಿಸಿಯಾಯಿತು ಎಂದು ಸೇರಿಸುವ ಆಸೆ ಆಗುತ್ತದೆ. ಆಗಲಿಲ್ಲ.

ರಜೆಯ ಕೊನೆಗೆ ಯಳಂದೂರಿನಲ್ಲಿ ಮಕ್ಕಳ ನಾಟಕದ ಸ್ಪರ್ಧೆ ಇತ್ತು. ಅಪ್ಪಾಜಿ ಕ್ಲಾರಾಳ ಕಥೆಯನ್ನು ನಾಟಕ ಮಾಡಿ ಬರೆದರು. ಕ್ಲಾರಾ ಯಾರು ಎಂದು ಯಾರೂ ಕೇಳಲಿಲ್ಲ. ಮೇಷ್ಟ್ರ ಮಗಳು ನಾನಿದ್ದೆನಲ್ಲ. ಅಂಗಡಿಯವನು ಮಲ್ಲು. ಶೋಭಾ ಮೆರವಣಿಗೆಯ ಗುಂಪಿನಲ್ಲಿ ಒಬ್ಬಳು. ಅಭ್ಯಾಸ ಶುರುವಾದ ನಾಲ್ಕೈದು ದಿನಕ್ಕೆ ನನಗೆ ಗಂಟಲು ಕಟ್ಟಿತು. ನಾನು ಕಷಾಯ ಕುಡಿಯುತ್ತಾ ಕಂಬಕ್ಕೊರಗಿ ಕೂತಿದ್ದೆ. ಕ್ಲಾರಾಳ ಮಾತು ಯಾರಾದರೂ ಓದಿ ಅಂತ ಅಪ್ಪಾಜಿ ಅಂದಾಗ ಶೋಭಾ ಎದ್ದು ನಿಂತಳು. ಪುಸ್ತಕ ಮುಟ್ಟಲಿಲ್ಲ. ಅಂಗಳದಲ್ಲಿ ನಿಂತೇ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ನಾನು ಕೈ ಬೀಸಿ, ಕಣ್ಣು ಅರಳಿಸಿ, ಭಾಷಣದ ಹಾಗೆ ಹೇಳುತ್ತಿದ್ದ ಮಾತನ್ನು ಅವಳು ಮನೆಯಲ್ಲಿ ತಾಯಿಗೆ ಹೇಳುವ ಹಾಗೆ, ಸ್ವಲ್ಪ ಹೆದರಿ, ಸ್ವಲ್ಪ ಸಿಟ್ಟಾಗಿ ಹೇಳಿದಳು. ಅಜ್ಜಿಯ ದವಡೆ ನಿಂತಿತು. ನಾನು ನೋಡಿದೆ. ಮರುದಿನ ಶೋಭಾ ಮೆಟ್ಟಿಲು ಕಲ್ಲಿನ ಹತ್ತಿರ ಬಂದು, ನೆಲ ನೋಡುತ್ತಾ ಕೇಳಿದಳು.

“ಸಾ, ಕ್ಲಾರಾ ನಾನ್ ಮಾಡ್ಲಾ?”

ನ್ಯಾಯವಂತರಿಗೆ ಹೊಳೆಯುವಂಥ ಉಪಾಯ ಅಪ್ಪಾಜಿಗೆ ಹೊಳೆಯಿತು. ಭಾನುವಾರದ ವಿಷಯ ಇದೇ ಇರಲಿ ಎಂದರು. ಕ್ಲಾರಾಳ ಪಾತ್ರ ಯಾರು ಮಾಡಬೇಕು. ಇಬ್ಬರೂ ಮಂಡಿಸಿ, ಗೆದ್ದವರಿಗೆ ಪಾತ್ರ. ಇದಕ್ಕಿಂತ ನೇರವಾದ ದಾರಿ ಉಂಟೇ? ವರ್ಷಗಟ್ಟಲೆ ನನ್ನನ್ನು ಸಾಣೆ ಹಿಡಿದು, ಒಂದು ದಿನವೂ ಆ ಜಗಲಿ ಹತ್ತದವಳನ್ನು ನನ್ನೆದುರು ನಿಲ್ಲಿಸಿ, ನೋಡೋಣ ಸತ್ಯ ಯಾರ ಕಡೆ ಇದೆ ಎಂದರು. ಅವರು ಕಪಟದಿಂದ ಹಾಗೆ ಮಾಡಿದ್ದರೆ ನನಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ. ಅವರು ಅದನ್ನು ನಂಬಿದ್ದರು.

ಭಾನುವಾರ ನಾನು ಜಗಲಿಯ ಮೇಲೆ ನಿಂತೆ. ಅವಳು ಅಂಗಳದಲ್ಲಿ ನಿಂತಳು. ನಾನು ಮೂರು ದಿನದಿಂದ ಕಂಬಕ್ಕೆ ಎದುರಾಗಿ ಅಭ್ಯಾಸ ಮಾಡಿದ್ದೆ.

“ಅಧ್ಯಕ್ಷರೇ, ನಟನೆ ಎಂದರೆ ತಾನಲ್ಲದ್ದನ್ನು ಆಗುವುದು. ನಾನು ಕ್ಲಾರಾ ಆದರೆ ಅದು ನಟನೆ. ಶೋಭಾ ಕ್ಲಾರಾ ಆದರೆ ನೋಡಿದವರು ಇವಳೇ ಕ್ಲಾರಾ ಅಂದುಕೊಳ್ಳುತ್ತಾರೆ. ಅದು ಅವಳಿಗೆ ಅವಮಾನ. ನನ್ನ ಗೆಳತಿಗೆ ಆ ಅವಮಾನ ಆಗಬಾರದು ಅಂತಲೇ ನಾನು ಈ ಪಾತ್ರವನ್ನು ಬಿಟ್ಟುಕೊಡುತ್ತಿಲ್ಲ.”

ಗೆಳತಿ ಎಂಬ ಪದವನ್ನು ನಾನು ಎಚ್ಚರದಿಂದ ಆರಿಸಿದ್ದೆ. ಅದಕ್ಕೆ ಮುಂಚೆ ಆ ಪದವನ್ನು ಅವಳಿಗೆ ಬಳಸಿದವಳಲ್ಲ, ಆಮೇಲೂ ಬಳಸಲಿಲ್ಲ. ಅಪ್ಪಾಜಿಯ ಮುಖ ಹಿಗ್ಗಿತು. ನೀನು ಹೇಳವ್ವ ಎಂದು ಶೋಭಾಳ ಕಡೆ ತಿರುಗಿದರು. ಅವಳು ಲಂಗದ ಅಂಚು ತಿರುಚುತ್ತಾ ನಿಂತಿದ್ದಳು.

“ನಂಗೆ ಮಾತೆಲ್ಲಾ ಬತ್ತದೆ ಸಾ. ಮಸಿನೂ ಬಳೀಬೇಕಿಲ್ಲ.”

ಮಲ್ಲು ಪಕಪಕ ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ. ಯಾಕೆಂದರೆ ಆ ಎರಡು ಮಾತಿಗೆ ನನ್ನ ಹತ್ತಿರ ಖಂಡನೆ ಇರಲಿಲ್ಲ. ಇವತ್ತಿಗೂ ಇಲ್ಲ. ಅಂದು ಅಪ್ಪಾಜಿ ಚಪ್ಪಾಳೆ ತಟ್ಟಲಿಲ್ಲ, ಪಕ್ಷ ಬದಲಿಸಿ ಅನ್ನಲಿಲ್ಲ. ತಟ್ಟಿದ್ದರೆ ನಾನು ಅವಳ ಪರವಾಗಿ ಇನ್ನೂ ಚೆನ್ನಾಗಿ ಮಾತಾಡುತ್ತಿದ್ದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅವರು ಅಜ್ಜಿಯ ಕಡೆ ನೋಡಿದರು. ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ತೀರ್ಪು ಕೊಟ್ಟಳು.

“ನಮ್ ಕೂಸೇ ಮಾಡ್ಲಿ ಬುಡು. ಆ ಉಡ್ಗಿ ಒಳೀಕ್ ಬಂದು ಬಟ್ಟೆ ಪಟ್ಟೆ ಆಕ್ಕಳಕ್ ಆದದಾ?”

ಅಪ್ಪಾಜಿ ಆ ಮಾತು ಕೇಳಿಸಿಕೊಳ್ಳದವರಂತೆ, ನನ್ನ ವಾದ ಗೆದ್ದಿದೆ ಎಂದು ಘೋಷಿಸಿದರು. ಶೋಭಾಗೆ ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುವ ಕೆಲಸ. ಅದು ಬಹಳ ಜವಾಬ್ದಾರಿಯ ಕೆಲಸ ಎಂದು ಎರಡು ಸಲ ಹೇಳಿದರು.

ಮುಂದಿನ ತೊಡಕು ನಲ್ಲಿ. ಸ್ಟೇಜಿನ ಮೇಲೆ ನಲ್ಲಿ ಎಲ್ಲಿಂದ ತರುವುದು? ಪೈಪು ನಿಲ್ಲಿಸಿದರೆ ಬೀಳುತ್ತಿತ್ತು, ರಟ್ಟಿನದು ನಗೆಗೀಡಾಗುತ್ತಿತ್ತು. ಆಗ ಅಪ್ಪಾಜಿ ಕಥೆಯನ್ನೇ ಒಂಚೂರು ತಿರುಗಿಸಿದರು. ಕ್ಲಾರಾ ನೀರು ಕೇಳಲಿ, ಅಂಗಡಿಯವನು ಮೇಲಿಂದ ಅವಳ ಬೊಗಸೆಗೆ ಹುಯ್ಯಲಿ. ನಮ್ಮ ಜನಕ್ಕೂ ಬೇಗ ಅರ್ಥ ಆಗುತ್ತೆ, ಮಲ್ಲು, ಒಂದು ಚೊಂಬು ತಗೊಂಡು ಬಾ ಎಂದರು. ಅಮೆರಿಕದಲ್ಲಿ ಹಾಗಿರಲಿಲ್ಲ ಎಂದು ಯಾರೂ ಅನ್ನಲಿಲ್ಲ. ಮಲ್ಲು ಚೊಂಬು ಹಿಡಿದ ರೀತಿಗೆ ತಿದ್ದುವುದೇನೂ ಇರಲಿಲ್ಲ. ಒಂದು ಮೊಳ ಮೇಲೆ, ಮುಖ ಪಕ್ಕಕ್ಕೆ, ಧಾರೆ ಸಣ್ಣಗೆ. ಮೊದಲ ಸಲಕ್ಕೇ ಸರಿಯಾಯಿತು. ಸರಿಯಾಗದಿದ್ದದ್ದು ನನಗೆ. ಕೈ ಒಡ್ಡಿದರೆ ನೀರೆಲ್ಲ ಮೊಣಕೈಗುಂಟ ಇಳಿದು ಲಂಗ ನೆನೆಯುತ್ತಿತ್ತು. ನಾಲ್ಕು ಸಲ ನೆನೆದೆ. ಅಪ್ಪಾಜಿಗೂ ಹೇಳಿಕೊಡಲು ಗೊತ್ತಾಗಲಿಲ್ಲ. ಅವರೂ ಹಾಗೆ ಕುಡಿದವರಲ್ಲ. ಕೊನೆಗೆ ಕೆಳಗಿನಿಂದ ಶೋಭಾ ಹೇಳಿದಳು.

“ಬೆರಳ್ ಕೂಡುಸ್ಕ. ಸಂದಿ ಬುಡ್ಬ್ಯಾಡ. ಮೊಣಕೈ ಒಟ್ಟೆಗ್ ಅವುಚ್ಕ.”

“ಹಿಂಗಾ?”

“ಊಹೂಂ. ಕೈನ ಬಾಯ್ತಾವ್ಕೆ ಎತ್ಬಾರ್ದು. ಎತ್ತುದ್ರೆ ಚೊಂಬ್ಗೆ ತಾಗ್ತದೆ, ಬೈತಾರೆ. ಬಾಯ್ನೇ ಕೈತಾವ್ಕೆ ತಕಂಡೋಗು. ಸಾಕಾದ್ರೆ ಮಾತಾಡ್ಬ್ಯಾಡ, ಕತ್ತ ಅಲ್ಲಾಡ್ಸು. ಬಾಯ್ತುಂಬ ನೀರಿರ್ತದಲ್ಲ.”

ಅವಳು ತನ್ನ ಬೊಗಸೆ ಮಾಡಿ ತೋರಿಸಿದಳು. ಸಣ್ಣ ಕೈ, ಒಂದು ಹನಿ ಸೋರದಂತೆ ಹೆಣೆದ ಬೆರಳು. ನಾನು ನೋಡಿ ಕಲಿತೆ. ಐದನೇ ಸಲ ನೀರು ನಿಂತಿತು. ಅಪ್ಪಾಜಿ ಭೇಷ್ ಎಂದರು, ನನಗೆ. ಈಗ ವಕೀಲೆಯಾಗಿ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಕೇಳುತ್ತಾ ಕೂತಾಗ ಕೆಲವೊಮ್ಮೆ ಆ ಐದು ನಿಮಿಷ ಪೂರಾ ನೆನಪಿಗೆ ಬರುತ್ತದೆ. ಇತಿಹಾಸದ ಪಾಠ ಅಂದು ನಡೆಯಿತು. ಅದನ್ನು ಮಾಡಿದವಳು ಅಂಗಳದಲ್ಲಿ ನಿಂತಿದ್ದಳು, ಜಗಲಿಯ ಮೇಲಿದ್ದ ನಾವೆಲ್ಲ ಅದನ್ನು ಅಭಿನಯದ ಟಿಪ್ಪಣಿ ಎಂದುಕೊಂಡೆವು.

ಯಳಂದೂರಿಗೆ ಹೊರಟ ದಿನ ಅವ್ವ ಹಂಡೆಯ ತಳದ ಮಸಿ ಕೆರೆದು, ಹರಳೆಣ್ಣೆಯಲ್ಲಿ ಕಲೆಸಿ, ಡಬ್ಬಿಯಲ್ಲಿ ತುಂಬಿಕೊಂಡು ಬಂದಳು. ನಾಟಕದ ಹಾಲಿನ ಹಿಂದಿನ ಕೋಣೆಯಲ್ಲಿ ನನ್ನ ಮುಖ, ಕತ್ತು, ಕೈಗೆ ಬಳಿದಳು. ಆ ವಾಸನೆ ಹೇಳುವಂತಿಲ್ಲ. ಸುಟ್ಟ ತೆಂಗಿನ ಮಟ್ಟೆ, ಹಳೆ ಎಣ್ಣೆ, ನನ್ನದೇ ಬೆವರು. ತುಟಿಗೂ ತಾಗಿ ನಾಲಿಗೆಗೆ ಇಳಿಯಿತು. ಶೋಭಾ ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅವ್ವ ನನ್ನ ಕೈ ಎತ್ತಿ ಶೋಭಾಳ ಕೈ ಪಕ್ಕ ಹಿಡಿದು, ಬಣ್ಣ ಸಾಕೇ ಎಂದು ನೋಡಿ, ಇನ್ನೊಂದು ಪದರ ಬಳಿದಳು. ಶೋಭಾ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪುಸ್ತಕ ನೋಡುತ್ತಿದ್ದಳು.

ನಾಟಕ ಚೆನ್ನಾಗಿಯೇ ನಡೆಯಿತು. ಮೆರವಣಿಗೆಗೆ ಮುಂಚೆ ನನ್ನದೊಂದು ಉದ್ದನೆ ಮಾತು ಇತ್ತು, ಅರ್ಧಕ್ಕೆ ಮರೆತೆ. ಪರದೆಯ ಹಿಂದಿನಿಂದ ಅವಳು ಹೇಳಿಕೊಟ್ಟಳು. ಒಂದೊಂದು ಸಾಲನ್ನೂ ಅವಳು ಮೆಲ್ಲಗೆ ಹೇಳಿದಳು, ನಾನು ಗಟ್ಟಿಯಾಗಿ ಹೇಳಿದೆ. ಅವಳ ಧ್ವನಿಯ ಏರಿಳಿತವನ್ನೇ ಹಾಗ್ಹಾಗೇ ಹೇಳಿದೆ. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಅಧ್ಯಕ್ಷರು ಮೈಕಿನಲ್ಲಿ, ಈ ಮಗು ಇಷ್ಟು ನೋವನ್ನು ಎಲ್ಲಿಂದ ಕಲಿತಳೋ ಎಂದರು. ಅಪ್ಪಾಜಿ ಎದ್ದು ನಿಂತು ಕೈ ಮುಗಿದರು. ಶೋಭಾಳನ್ನು ಯಾರೂ ಸ್ಟೇಜಿಗೆ ಕರೆಯಲಿಲ್ಲ. ನಾನು ಕರೆಯಬಹುದಿತ್ತು, ಎರಡು ಮಾತಾಡು ಎಂದು ಅಧ್ಯಕ್ಷರು ಕೊಟ್ಟ ಮೈಕು ನನ್ನ ಕೈಯಲ್ಲೇ ಇತ್ತು.

ಕಳೆದ ಯುಗಾದಿಗೆ ಊರಿಗೆ ಹೋದಾಗ ಈ ಮಾತನ್ನೆಲ್ಲ ತಿಂಡಿಯ ಹೊತ್ತಿನಲ್ಲಿ ತೆಗೆದೆ. ಅಪ್ಪಾಜಿಯನ್ನು ಯಾವುದೋ ಶಿಕ್ಷಕರ ಸಭೆಗೆ ಕರೆದಿದ್ದರು, ಕಥೆಯ ಮೂಲಕ ಇತಿಹಾಸ ಕಲಿಸುವುದು ಹೇಗೆ ಎಂದು ಮಾತಾಡಲು. ಆ ಫೋಟೋ ತೆಗೆದುಕೊಂಡು ಹೋಗುತ್ತೇನೆ ಅಂದರು. ನಾನು ತಟ್ಟೆ ಸರಿಸಿದೆ.

“ಫೋಟೋದಲ್ಲಿ ಇಲ್ಲದವಳ ಹೆಸರೂ ಹೇಳ್ತೀರಾ ಅಪ್ಪಾಜಿ?”

“ಯಾರು, ಮಾದಿ ಮಗಳಾ? ಆ ಹುಡುಗಿ ಈಗ ಹೂಗ್ಯಂ ಕಡೆ ಮೇಷ್ಟ್ರಾಗವಳೆ. ನಾನ್ ಕಥೆ ಹೇಳಿದ್ದಕ್ಕೇ ಓದಿದ್ದು ಅವಳು.”

“ಅವಳು ಹಂಗಂದ್ಲಾ?”

“ಹೇಳಬೇಕಾ? ನೋಡವ್ವ, ನಮ್ಮ ಜಗಲಿಗೆ ಆ ಕಾಲಕ್ಕೆ ಯಾರು ಕರೀತಿದ್ರು ಅವರನ್ನ?”

“ಜಗಲಿಗೆ ಕರೀಲಿಲ್ಲ ಅಪ್ಪಾಜಿ. ಅಂಗಳಕ್ಕೆ ಕರೆದ್ರಿ.”

ಅವ್ವ ಅಡುಗೆಮನೆಯಿಂದ ತಲೆ ಹಾಕಿ, ಅಬ್ಬದ್ ದಿನ ಶುರು ಮಾಡ್ದಾ, ಲಾಯರಮ್ಮ ಎಂದಳು. ಅಪ್ಪಾಜಿ ಪೇಪರು ಬಿಡಿಸಿದರು. ಆ ವಾದ ನಾನು ಗೆದ್ದೆ. ಗೆಲ್ಲುವುದರಿಂದ ಆ ಮನೆಯಲ್ಲಿ ಏನೂ ಆಗುವುದಿಲ್ಲ. ಫೋಟೋ ಸಭೆಗೆ ಹೋಗಿ ಬಂತು.

ಆದರೆ ನಾನು ಅಪ್ಪಾಜಿಗೆ ಹೇಳದೆ ಬಿಟ್ಟದ್ದು ಒಂದಿದೆ. ಯಳಂದೂರಿನಿಂದ ವಾಪಸು ಬಂದ ಆ ಸಂಜೆಯದು. ಬಸ್ಸು ಇಳಿದು ನಡೆದು ಬರುವಷ್ಟರಲ್ಲಿ ನಾಲಿಗೆ ಒಣಗಿತ್ತು. ಮಸಿ ಇನ್ನೂ ತೊಳೆದಿರಲಿಲ್ಲ. ಊರವರೆಲ್ಲ ನೋಡಲಿ ಎಂದು ಹಾಗೇ ಕರೆತಂದಿದ್ದರು. ನಾನೂ ಶೋಭಾಳೂ ಅಂಗಳಕ್ಕೆ ಒಟ್ಟಿಗೆ ಬಂದೆವು. ಅಜ್ಜಿ ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ನನ್ನ ಬೆಳ್ಳಿ ಲೋಟ ಹಿಡಿದು ಜಗಲಿಯ ಅಂಚಿಗೆ ಬಂದಳು. ಪಕ್ಕದಲ್ಲಿ ಶೋಭಾ ಏನೂ ಯೋಚಿಸದೆ ಸೊಂಟ ಬಗ್ಗಿಸಿ ಬೊಗಸೆ ಒಡ್ಡಿದಳು. ನನ್ನ ಕೈಯೂ ತಾನೇ ಎದ್ದು ಬೊಗಸೆಯಾಯಿತು. ಹದಿನೈದು ದಿನದ ಅಭ್ಯಾಸ. ಎರಡು ಬೊಗಸೆ, ಎರಡೂ ಕಪ್ಪು, ಪಕ್ಕಪಕ್ಕ. ಅಜ್ಜಿಯ ಚೊಂಬು ಗಾಳಿಯಲ್ಲಿ ನಿಂತಿತು. ಅವಳ ದವಡೆಯೂ ನಿಂತಿತು. ಶೋಭಾ ಓರೆಗಣ್ಣಲ್ಲಿ ನನ್ನ ಕೈ ನೋಡಿದಳು. ಅದು ಸರಿಯಾಗಿದೆಯೇ ಎಂದು ನೋಡಿದಳೋ ಅಥವಾ ಅದು ಅಲ್ಲೇ ಇರುತ್ತದೆಯೇ ಎಂದು ನೋಡಿದಳೋ, ನನಗೆ ಗೊತ್ತಿಲ್ಲ. ಮಾತು ಬೇಕಿರಲಿಲ್ಲ. ಮಂಡನೆ, ಖಂಡನೆ ಏನೂ ಬೇಕಿರಲಿಲ್ಲ. ಕೈಯನ್ನು ಸುಮ್ಮನೆ ಅಲ್ಲೇ ಇಟ್ಟುಕೊಂಡಿದ್ದರೆ ಸಾಕಿತ್ತು.

ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕಳು.

“ನಾಟ್ಕ ಮುಗೀತು ಕಣವ್ವ. ಬಾ ಮ್ಯಾಕೆ, ಲೋಟ ತಕ.”

ನಾನು ಮೆಟ್ಟಿಲು ಕಲ್ಲು ಹತ್ತಿ, ಜಗಲಿ ಹತ್ತಿ, ಲೋಟ ತೆಗೆದುಕೊಂಡೆ. ನೀರಿನಲ್ಲಿ ಮಸಿಯ ರುಚಿ ಇತ್ತು. ಪೂರ್ತಿ ಕುಡಿದೆ. ಕೆಳಗೆ ಶೋಭಾ ಕುಡಿಯುತ್ತಿದ್ದಳು. ಒಂದು ಹನಿಯೂ ಸೋರಲಿಲ್ಲ. ಸಾಕಾದಾಗ, ಮಾತಾಡದೆ, ಕತ್ತು ಅಲ್ಲಾಡಿಸಿದಳು.